ಬಾರ್ಬಡೋಸ್, ಭಾಗ 3: ಮರಳು ಯಾರದು?

ಬಾರ್ಬಡೋಸ್ ಅಂದ್ರೆ ನಿಮಗೆ ನೆನಪಾಗೋದು 2024ರ ಟಿ20 ಫೈನಲ್, ಕಪ್ ಎತ್ತಿ ಕೂಗಿದ ನಮ್ಮ ದ್ರಾವಿಡ್. ಇವತ್ತು ಮೈದಾನ ಬಿಟ್ಟು ಬೀಚಿಗೆ ಹೋಗೋಣ ಬನ್ನಿ.

ದ್ವೀಪ ಚಿಕ್ಕದು, ಉದ್ದ ಸುಮಾರು 34 ಕಿ.ಮೀ. ಪಶ್ಚಿಮಕ್ಕೆ ಕೆರಿಬಿಯನ್ ಸಮುದ್ರ, ಹೆಚ್ಚಿನ ದಿನ ಕೆರೆ ಥರ ಶಾಂತ. ರಾಜಧಾನಿ ಬ್ರಿಡ್ಜ್‌ಟೌನ್ ಪಕ್ಕದ ಕಾರ್ಲೈಲ್ ಬೇನಲ್ಲಿ ಸ್ನಾರ್ಕೆಲ್ ಹಾಕಿ ಮುಳುಗಿದ್ರೆ ಹಳೇ ಹಡಗುಗಳು, ಅದೃಷ್ಟ ಇದ್ರೆ ಕಡಲಾಮೆ. ಪೂರ್ವಕ್ಕೆ ಅಟ್ಲಾಂಟಿಕ್. ಅಲ್ಲಿ ಬಾತ್‌ಶೀಬಾದಲ್ಲಿ ಸರ್ಫಿಂಗ್ ನೋಡ್ತಾ ಕೂತ್ಕೊಳ್ಳಿ, ಈಜೋಕೆ ಇಳೀಬೇಡಿ, ಸೆಳೆತ ಜೋರು. ದಡದಲ್ಲಿ ಪುಟ್ಟ ಹಸಿರು ಸೇಬಿನಂಥ ಹಣ್ಣು ಬಿದ್ದಿದ್ರೆ ಮುಟ್ಟಬೇಡಿ. ಅದು ಮ್ಯಾಂಚಿನೀಲ್, ವಿಷ. ಮಳೆ ಬಂದ್ರೂ ಆ ಮರದ ಕೆಳಗೆ ನಿಲ್ಲಬಾರದು. ಅದರ ಹಾಲು ಬೆರೆತ ನೀರು ಬಿದ್ರೆ ಚರ್ಮದಲ್ಲಿ ಬೊಬ್ಬೆ ಏಳುತ್ತೆ.

ನನಗೆ ಹೆಚ್ಚು ಇಷ್ಟವಾದದ್ದು ಬೇರೆ ವಿಷಯ. ಬಾರ್ಬಡೋಸಿನ ಬೀಚುಗಳೆಲ್ಲ ಸಾರ್ವಜನಿಕ. ಎಷ್ಟೇ ದೊಡ್ಡ ಹೋಟೆಲ್ ಇರಲಿ, ಕುರ್ಚಿ ಅವರದು, ಮರಳು ಎಲ್ಲರದು. ನೀವೂ ಟವೆಲ್ ಹಾಸಬಹುದು, ಊರಿನ ಹುಡುಗರೂ ಕ್ರಿಕೆಟ್ ಆಡಬಹುದು.

ಅದೇ ಜಮೈಕಾದಲ್ಲಿ ಹಾಗಿಲ್ಲ. ಬ್ರಿಟಿಷರ ಕಾಲದ 1956ರ ಬೀಚ್ ಕಾಯ್ದೆ ಜನರಿಗೆ ದಡದ ಮೇಲೆ ಸಾಮಾನ್ಯ ಹಕ್ಕು ಕೊಡೋದಿಲ್ಲ. ತಮ್ಮದೇ ಊರಿನ ಸಮುದ್ರಕ್ಕಾಗಿ ಅಲ್ಲಿನವರು ಕೋರ್ಟಿಗೆ ಹೋಗಬೇಕಾಗಿದೆ.

ಬಾರ್ಬಡೋಸಲ್ಲೂ ಕಾನೂನೊಂದೇ ಸಾಲದು. ರಸ್ತೆಯುದ್ದಕ್ಕೂ ಕಟ್ಟಡ ಎದ್ದರೆ ದಡಕ್ಕೆ ದಾರಿ ಎಲ್ಲಿ? ಹಕ್ಕಿದ್ದರೂ ಗೋಡೆ ದಾಟೋಕಾಗಲ್ಲ.

ಇನ್ಮೇಲೆ ಚೆಂದದ ಬೀಚ್ ಫೋಟೋ ಕಂಡ್ರೆ ಲೈಕ್ ಒತ್ತೋ ಮುಂಚೆ ಒಮ್ಮೆ ನೋಡಿ: ಅದರಲ್ಲಿ ಆ ಊರಿನವರು ಇದ್ದಾರಾ?

ಮುಂದಿನ ಭಾಗ: ಹ್ಯಾರಿಸನ್ಸ್ ಕೇವ್, ನೆಲದ ಕೆಳಗಿನ ಸುಣ್ಣಕಲ್ಲಿನ ಗುಹೆ.