ನಮ್ಮ ಮರದ್ದಲ್ಲ

ಅಪ್ಪೆಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ಅಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಸಾಗರದ ಸಂತೆಯ ಗದ್ದಲದ ನಡುವೆಯೂ ಜೀರಿಗೆಯಂಥ ಆ ಪರಿಮಳ ನನ್ನವರೆಗೆ ಬರುತ್ತಿತ್ತು. ಮಾರುವವನು ಅವಳ ಮುಖವನ್ನೇ ನೋಡುತ್ತಿದ್ದ. 'ಚೆನ್ನಾಗೇ ಇದೆ. ಆದ್ರೆ ನಮ್ಮ ಮರದ್ದಲ್ಲ' ಎನ್ನುತ್ತಿದ್ದಳು. ಹಾಗೆಂದುಕೊಂಡೇ ಇನ್ನೂರು ಮಿಡಿ ಎಣಿಸಿ ಹಾಕಿಸಿಕೊಳ್ಳುತ್ತಿದ್ದಳು. ಪ್ರತಿ ಬೇಸಿಗೆಯಲ್ಲೂ ಅದೇ ಮಾತು, ಅಷ್ಟೇ ಮಿಡಿ.

ಅವಳ ಮರ ಶರಾವತಿಯ ಹಿನ್ನೀರಿನ ತಳದಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಮ್ಮನಿಗೆ ಹನ್ನೊಂದು ವರ್ಷ. ತೋಟ, ಗದ್ದೆ, ಹೊಳೆಯಂಚಿನ ಅಪ್ಪೆ ಮರ ಎಲ್ಲವನ್ನೂ ಬಿಟ್ಟು, ಪಾತ್ರೆಪಗಡೆ ಕಟ್ಟಿಕೊಂಡು ಅವಳ ಮನೆಯವರು ಸಾಗರಕ್ಕೆ ಬಂದರು. ನಾಡಿಗೆಲ್ಲ ದೀಪ ಹತ್ತಿತು. ಆ ಬೆಳಕಿನಲ್ಲಿ ಓದಿದವನು ನಾನೂ ಹೌದು, ಅದಕ್ಕೇ ಈ ಲೆಕ್ಕದ ಬಗ್ಗೆ ಹಗುರವಾಗಿ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ಸಾಗರದಲ್ಲಿ ನೋಡಲು ಏನಿದೆ ಎಂದು ಪ್ರವಾಸಕ್ಕೆ ಹೊರಟವರು ಕೇಳುತ್ತಾರೆ. ಹೆಚ್ಚಿನವರಿಗೆ ಅದು ಜೋಗದ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸುವ ಊರು. ಮೊದಲು ಗಣಪತಿ ಕೆರೆಯ ದಂಡೆಯಲ್ಲಿ ಸಂಜೆ ಅರ್ಧ ಗಂಟೆ ಕೂತು ಬನ್ನಿ ಎನ್ನುತ್ತೇನೆ. ಊರಿಗೆ ಹೆಸರು ಕೊಟ್ಟದ್ದೇ ಆ ಕೆರೆ. ಕೆಳದಿ ಮತ್ತು ಇಕ್ಕೇರಿಗಳ ನಡುವೆ ಕೆಳದಿಯ ಅರಸರು ಕಟ್ಟಿಸಿದ ಅದಕ್ಕೆ ಸದಾಶಿವ ಸಾಗರ ಎಂಬ ಹೆಸರಿತ್ತು. ಸದಾಶಿವ ಬಿಟ್ಟುಹೋಗಿ ಊರಿಗೆ ಸಾಗರ ಉಳಿಯಿತು.

ಅಮ್ಮ ನೀರನ್ನು ನಂಬದವಳು. ಬಾವಿಗೂ ಇಣುಕುತ್ತಿರಲಿಲ್ಲ. ಈ ಕೆರೆಯ ಹತ್ತಿರ ಮಾತ್ರ ಸಂಜೆ ಸಂಜೆ ಹೋಗುತ್ತಿದ್ದಳು, ನನ್ನ ಕೈ ಹಿಡಿದುಕೊಂಡು, ಆಮೇಲೆ ನನ್ನ ಕೈ ಹಿಡಿಸಿಕೊಂಡು. ಯಾಕೆ ಎಂದು ಒಮ್ಮೆ ಕೇಳಿದ್ದೆ. 'ಈ ಕೆರೆಗೆ ತನ್ನ ಏರಿ ಎಲ್ಲಿದೆ ಅಂತ ಗೊತ್ತು' ಎಂದಿದ್ದಳು.

ಇಕ್ಕೇರಿಗೂ ಅವಳೊಡನೆಯೇ ಹೋಗಬೇಕಿತ್ತು. ಅಘೋರೇಶ್ವರ ದೇವಸ್ಥಾನದ ನೆಲಗಲ್ಲಿನ ಮೇಲೆ ಅಡ್ಡಬಿದ್ದ ಕೆಳದಿ ನಾಯಕರ ರೂಪಗಳನ್ನು ಕೆತ್ತಿದ್ದಾರೆ. ಜನ ಅವುಗಳ ಮೇಲೆಯೇ ನಡೆದು ಹೋಗುತ್ತಾರೆ. ಅಮ್ಮ ಸೆರಗು ಎತ್ತಿಹಿಡಿದು ಸುತ್ತುಬಳಸಿ ದಾಟುತ್ತಿದ್ದಳು. ಕೆಳದಿಯ ಗಂಡಭೇರುಂಡ, ವರದಹಳ್ಳಿಯ ಶ್ರೀಧರಾಶ್ರಮ, ಗುಡಿಗಾರರ ಗಂಧದ ಕೆತ್ತನೆ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಎಲ್ಲವನ್ನೂ ನೋಡಬೇಕು.

ತಿನ್ನುವುದಕ್ಕೆ ಆಲೆಮನೆಯ ಕಾಲದಲ್ಲಿ ಬನ್ನಿ. ಬೋರಲು ಹಾಕಿದ ಮಡಕೆಯ ಕೆಳಗೆ ಉರಿ. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟಿನಲ್ಲಿ ಬಟ್ಟೆ ಅದ್ದಿ ಮಡಕೆಯ ಬೆನ್ನಿಗೆ ಒಂದೇ ಸಲಕ್ಕೆ ಬಳಿಯಬೇಕು. ಚುರ್ ಎಂದ ಮರುಕ್ಷಣ ಅಂಚು ಎದ್ದುಕೊಳ್ಳುತ್ತದೆ. ಬಿಸಿಯಿರುವಾಗಲೇ ಎಬ್ಬಿಸಿ ಮಡಚಿದರೆ ತೊಡೆದೇವು, ಸ್ವಲ್ಪ ತಡೆದರೆ ಪುಡಿ. ಬಿಸಿಯ ಮೇಲೆ ಅಮ್ಮನ ಬೆರಳು ಅಳುಕಿದ್ದನ್ನು ನಾನು ನೋಡಿಲ್ಲ. ಮಧ್ಯಾಹ್ನ ಒಂದೆಲಗದ ತಂಬುಳಿ, ಅಪ್ಪೆಹುಳಿ. ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸಿದ ಮೇಲೂ ಲೋಟದಲ್ಲಿ ಕುಡಿಯಬೇಕು, ಆಮೇಲೆ ಬರುವ ನಿದ್ದೆಯನ್ನು ತಡೆಯಬಾರದು.

ವರ್ಷಕ್ಕೊಮ್ಮೆ ಹಿನ್ನೀರಿನಾಚೆಯ ಸಿಗಂದೂರಿಗೆ ಹೋಗುತ್ತಿದ್ದೆವು. ಹೊಳೆಬಾಗಿಲಿನಲ್ಲಿ ಬಸ್ಸೂ ನಾವೂ ಒಟ್ಟಿಗೇ ಲಾಂಚು ಹತ್ತುತ್ತಿದ್ದೆವು. ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ ಅಮ್ಮ ಕಂಬಿ ಹಿಡಿದು ನೀರಿನೊಳಗೇ ನೋಡುತ್ತಿದ್ದಳು. 2025ರ ಜುಲೈಯಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಆ ದಡದವರು ಹೆರಿಗೆಗೆ, ಶಾಲೆಗೆ, ಸಾವಿಗೆ ಲಾಂಚಿನ ಹೊತ್ತು ಕಾಯುತ್ತಾ ಆರು ದಶಕ ಕಳೆದವರು. ಅವರಿಗೆ ಸೇತುವೆ ಬಂದದ್ದು ನನಗೆ ನಿಜವಾಗಿ ಸಂತೋಷ. ಆದರೆ ಅದರ ಮೇಲಿಂದ ನೀರು ತುಂಬ ಕೆಳಗೆ ಕಾಣುತ್ತದೆ, ಬಸ್ಸೂ ನಿಲ್ಲುವುದಿಲ್ಲ.

ಮಳೆಗಾಲ ಹಿಡಿದರೆ ಪೇಪರಿನಲ್ಲಿ ಜಲಾಶಯದ ಮಟ್ಟ ಬರುತ್ತದಲ್ಲ, ಅಮ್ಮ ಮೊದಲು ನೋಡುತ್ತಿದ್ದುದು ಅದನ್ನು. ಭರ್ತಿಯಾದರೆ 1819 ಅಡಿ. ಆ ಅಂಕಿಯ ಹತ್ತಿರ ಬಂದಂತೆ ಅವಳ ಮಾತು ಕಡಿಮೆಯಾಗುತ್ತಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ, 1948ರಲ್ಲಿ ಕಟ್ಟಿ ಆಮೇಲೆ ತಾನೇ ಮುಳುಗಿಹೋದ ಹಿರೇಭಾಸ್ಕರ ಅಣೆಕಟ್ಟು ಮಡೆನೂರಿನ ಹತ್ತಿರ ಮೇಲೆದ್ದು ಕಾಣುತ್ತದೆ. ಅಂಥ ಒಂದು ಬೇಸಿಗೆಯಲ್ಲಿ ಅವಳನ್ನು ಕರೆದುಕೊಂಡು ಹೋಗಿದ್ದೆ. ಬಿರುಕುಬಿಟ್ಟ ಕೆಸರು, ಕರಿಗಟ್ಟಿದ ಮರದ ಬೊಡ್ಡೆಗಳು. ಒಂದೊಂದನ್ನೂ ಮುಟ್ಟಿ ನೋಡಿದಳು. ವಾಪಸು ಬರುವಾಗ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಅಮ್ಮ ಹೋದ ಮೇಲಿನ ಮೊದಲ ಬೇಸಿಗೆ ಇದು. ಭರಣಿಯ ತಳದಲ್ಲಿ ಅವಳು ಹಾಕಿದ ಏಳೆಂಟು ಮಿಡಿ ಉಳಿದಿವೆ, ಸುರುಟಿ, ಸಾಸಿವೆಯಲ್ಲಿ ಮುಳುಗಿ. ಮೊನ್ನೆ ಸಂತೆಗೆ ಹೋದೆ. ಅದೇ ಮೂಲೆಯಲ್ಲಿ ಮಿಡಿ ಮಾರುವವನು ಕೂತಿದ್ದ. ನನ್ನ ಹಿಂದೆ ಯಾರನ್ನೋ ಹುಡುಕಿದ, ನನ್ನ ಮುಖ ನೋಡಿ ಸುಮ್ಮನಾದ. ಒಂದು ಮಿಡಿ ಎತ್ತಿಕೊಂಡು ತೊಟ್ಟು ಮುರಿದೆ. ಸೊನೆ ಹೆಬ್ಬೆರಳಿಗೆ ಹತ್ತಿ ಉರಿಯಿತು. ಮೂಗಿಗೆ ಹಿಡಿದೆ, ಕಣ್ಣು ಮುಚ್ಚಿದೆ. ಜೀರಿಗೆಯ ವಾಸನೆ ಬಂತು. ಯಾವ ಮರದ್ದೋ, ಅಮ್ಮನ ಮರದ ಪರಿಮಳ ಹೇಗಿತ್ತೆಂದು ನನಗೆ ತಿಳಿದಿರಲಿಲ್ಲ.

'ಎಷ್ಟು ಹಾಕ್ಲಿ?' ಎಂದು ಅವನು ಕೇಳಿದ.

ಇನ್ನೂರು ಎಂದೆ.