ರಾಮಾಚಾರಿಯ ದುರ್ಗ, ಓಬವ್ವನ ಕಿಂಡಿ

ಚಿತ್ರದುರ್ಗ ಅಂತ ಕಿವಿಗೆ ಬಿದ್ದ ಕೂಡಲೇ ನಿಮ್ಮ ಕಣ್ಣ ಮುಂದೆ ಯಾರು ಬರ್ತಾರೆ? ಮದಕರಿನಾಯಕನೇ? ಸುಳ್ಳು ಹೇಳಬೇಡಿ ಸ್ವಾಮಿ! ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ರಾಮಾಚಾರಿ ಬರ್ತಾನೆ. ಅವನ ಬೆನ್ನಿಗೆ ಚಾಮಯ್ಯ ಮೇಷ್ಟ್ರು, ಅಲಮೇಲು, ಮಾರ್ಗರೇಟ್, ಜಲೀಲ... ತಪ್ಪೇನಿಲ್ಲ ಬಿಡಿ. 1972ರ ಡಿಸೆಂಬರಿನಲ್ಲಿ ‘ನಾಗರಹಾವು’ ತೆರೆ ಕಂಡ ಮೇಲೆ ಈ ಊರಿಗೆ ಎರಡು ಚರಿತ್ರೆ. ಒಂದು ಪಾಳೆಯಗಾರರದ್ದು, ಇನ್ನೊಂದು ಪುಟ್ಟಣ್ಣ ಕಣಗಾಲರದ್ದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ ತೆಗೆದ ಆ ಒಂದು ಚಿತ್ರದಿಂದ ವಿಷ್ಣುವರ್ಧನ್ ನಾಯಕನಟರಾದರು, ಅಂಬರೀಶ್ ಚಿತ್ರರಂಗಕ್ಕೆ ಕಾಲಿಟ್ಟರು. ಕೋಟೆಯ ಕಲ್ಲುಬಂಡೆಗಳೂ ಒಂದು ಪಾತ್ರ ಮಾಡಿದವು ಅಂದರೆ ತಪ್ಪಾಗಲಾರದು.

ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ. ‘ನಾಗರಹಾವು’ ನಮ್ಮೂರ ಟೆಂಟಿಗೆ ಬಂದಾಗ ಅವರಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಎಷ್ಟು ಸಲ ನೋಡಿದರೋ ಲೆಕ್ಕ ಅವರಿಗೇ ಇಲ್ಲ. ಆದರೆ ದುರ್ಗದ ಕಲ್ಲನ್ನು ಒಮ್ಮೆಯೂ ಮುಟ್ಟಿರಲಿಲ್ಲ! “ಮಂಡಿ ಪೂರ್ತಿ ಕೈಕೊಡೋದರೊಳಗೆ ಒಂದ್ಸಲ ತೋರಿಸಪ್ಪಾ” ಅಂದರು. ಅಷ್ಟೇ ಸಾಕಾಯ್ತು. ಅಪ್ಪ, ನಾನು, ನನ್ನಾಕೆ, ಹನ್ನೊಂದರ ಮಗಳು – ಶನಿವಾರ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆವು. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ತುಮಕೂರು, ಶಿರಾ, ಹಿರಿಯೂರು ಕಳೆದು ಬೆಟ್ಟಸಾಲಿನ ಮೇಲೆ ಗಾಳಿಯಂತ್ರಗಳು ರೆಕ್ಕೆ ಬೀಸೋದು ಕಂಡಿತು ಅಂದರೆ ದುರ್ಗ ಬಂತು ಅಂತ ಚೀಲ ಇಳಿಸಿಕೊಳ್ಳಬಹುದು.

ಕೋಟೆಯ ಪ್ರವೇಶದ ಗೋಡೆಯಲ್ಲೇ ಒಂದು ಹಾವಿನ ಕೆತ್ತನೆ ಇದೆ. ಅಪ್ಪ ಅದನ್ನು ನೋಡಿ ಕೈಮುಗಿದು, “ನೋಡು, ಟೈಟಲ್ ಕಾರ್ಡು ಇಲ್ಲೇ ಹಾಕವ್ರೆ!” ಅಂದರು. ಆ ಹಾವಿಗೂ ಸಿನಿಮಾಕ್ಕೂ ಸಂಬಂಧವಿಲ್ಲ. ಆದರೆ ಒಳಗಿನ ದಾರಿ ಮಾತ್ರ ಹಾವೇ! ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನೇರ ಹೋಗುವ ಹಾಗಿಲ್ಲ. ಹೊರಳಿ, ಮತ್ತೆ ಹೊರಳಿ ಹೋಗಬೇಕು. ಆನೆ ಓಡಿಬಂದು ಬಾಗಿಲಿಗೆ ಗುದ್ದೋಣವೆಂದರೆ ಓಡಲು ಜಾಗವೇ ಸಿಗಬಾರದು, ಅದು ಉಪಾಯ. ಏಳುಸುತ್ತಿನ ಕೋಟೆ ಅಂತ ಸುಮ್ಮನೆ ಕರೆದಿಲ್ಲ. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು ಅಂತ ಲೆಕ್ಕ ಕೊಡ್ತಾರೆ. ಭಾರೀ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂರಿಸಿದ್ದಾರೆ. ಸಂದಿನಲ್ಲಿ ಚಾಕು ಹೋಗುತ್ತಾ ಅಂತ ನಮ್ಮ ಹುಡುಗಿ ಉಗುರು ತೂರಿಸಿ ನೋಡಿದಳು. ಊಹೂಂ! ಮದ್ದು ಬೀಸುತ್ತಿದ್ದ ನಾಲ್ಕು ಬೀಸುಕಲ್ಲುಗಳು ಗುಂಡಿಯಲ್ಲಿ ಹಾಗೇ ಕೂತಿವೆ. ನನ್ನಾಕೆ, “ನಮ್ಮನೆ ಗ್ರೈಂಡರ್ ಕೆಟ್ಟಾಗ ಇದೇ ಗತಿ” ಅಂತ ನಕ್ಕಳು.

ಗೈಡ್ ಒಬ್ಬನನ್ನು ಗೊತ್ತುಮಾಡಿಕೊಂಡೆವು. ಆಸಾಮಿ ಮಾತಿನಮಲ್ಲ! ಮದಕರಿಯಿಂದ ಶುರುಮಾಡಿದವನು ಅಪ್ಪನ ಮುಖ ನೋಡಿದ ತಕ್ಷಣ ರೀಲು ಬದಲಾಯಿಸಿ ವಿಷ್ಣುವರ್ಧನ್‌ಗೆ ಬಂದ. “ಇದೇ ಸಾರ್ ರಾಮಾಚಾರಿ ಕೂರ್ತಿದ್ದ ಬಂಡೆ” ಅಂದ. ಅರ್ಧ ಗಂಟೆ ಬಿಟ್ಟು ಮೇಲೆ ಹೋದರೆ ಇನ್ನೊಬ್ಬ ಗೈಡು ಇನ್ನೊಂದು ಬಂಡೆಗೆ ಅದೇ ಮಾತು ಹೇಳ್ತಿದ್ದ! ದುರ್ಗದಲ್ಲಿ ಬಂಡೆಗಳಿಗೇನು ಬರವೇ?

ಏಕನಾಥೇಶ್ವರಿ ಗುಡಿಯ ಹತ್ತಿರ ಅಪ್ಪನ ಮಂಡಿ ಮುಷ್ಕರ ಹೂಡಿತು. ಅಲ್ಲಿಂದ ಮೇಲೆ ಹಿಡಿಂಬೇಶ್ವರನ ಗುಡಿ. ಹಿಡಿಂಬನನ್ನು ಭೀಮಸೇನ ಕೊಂದದ್ದು ಇಲ್ಲೇ ಎನ್ನುವುದು ಸ್ಥಳಪುರಾಣ. “ನೀವು ಹೋಗ್ಬನ್ನಿ, ನಾನಿಲ್ಲೇ ಕೂತು ದುರ್ಗ ನೋಡ್ತೀನಿ” ಅಂತ ಅಪ್ಪ ನೆರಳಿಗೆ ಕೂತರು. ನಾವು ಬೆವರೊರೆಸಿಕೊಂಡು ಇಳಿದು ಬರೋ ಹೊತ್ತಿಗೆ ಅಲ್ಲೊಂದು ಸೀನು ನಡೀತಿತ್ತು.

ನಾಲ್ಕೈದು ಜನ ಹುಡುಗರು. ಒಬ್ಬ ಬಂಡೆಯ ಅಂಚಿನಲ್ಲಿ ಬೆನ್ನು ಕೊಟ್ಟು ನಿಂತಿದ್ದಾನೆ, ಹಿಮ್ಮಡಿಯ ಹಿಂದೆ ಬರೀ ಗಾಳಿ! ಗೆಳೆಯ ಮೊಬೈಲ್ ಹಿಡಿದು “ಇನ್ನೂ ಸ್ವಲ್ಪ ಹಿಂದೆ” ಅಂತಿದ್ದಾನೆ. ರಾಮಾಚಾರಿ ಪೋಸು. ನಮ್ಮ ಗೈಡ್ ಕೂಗಿದರೂ ಕೇಳಲಿಲ್ಲ. ಅಪ್ಪ ಕೂತಲ್ಲಿಂದಲೇ ಗಟ್ಟಿಯಾಗಿ ಕೇಳಿದರು: “ಏನ್ರಪ್ಪಾ, ಮೇಷ್ಟ್ರು ಪಾತ್ರ ಯಾರದು, ರಾಮಾಚಾರಿ ಪಾತ್ರ ಯಾರದು?” ಹುಡುಗ ಹಲ್ಲುಕಿರಿದ. ಅಪ್ಪ ನಗಲಿಲ್ಲ. “ಬೆಟ್ಟದಿಂದ ಬಿದ್ದು ಸತ್ತಿದ್ದು ಚಾಮಯ್ಯ ಮೇಷ್ಟ್ರು ಕಣಯ್ಯಾ. ಅಶ್ವಥ್ ಅವರು 2010ರವರೆಗೂ ಇದ್ರು. ವಿಷ್ಣು ಅದಾದ ಮೇಲೆ ಇನ್ನೂರಕ್ಕೂ ಹೆಚ್ಚು ಪಿಚ್ಚರ್ ಮಾಡಿದ್ರು. ನೀನು ಬಿದ್ರೆ ಒಂದೇ ಶೋ.”

ಹುಡುಗ ಎರಡು ಹೆಜ್ಜೆ ಈಚೆ ಬಂದ. ಆಮೇಲೆ ಎಲ್ಲರೂ ಅಪ್ಪನ ಸುತ್ತ ಕೂತು, ಟೆಂಟಿನಲ್ಲಿ ಜನ ಹೇಗೆ ಶಿಳ್ಳೆ ಹೊಡೀತಿದ್ದರು ಅಂತ ಕೇಳಿದ್ದೇ ಕೇಳಿದ್ದು. ಅಪ್ಪನಿಗೆ ಮಂಡಿನೋವು ಮರೆತೇಹೋಯಿತು! ನಿಮಗೂ ಹೇಳ್ತೀನಿ, ಅಭಿಮಾನಿ ಮಿತ್ರರೇ: ಅಲ್ಲಿ ಅಂಚಿಗೆ ಹೋಗಬೇಡಿ. ಸುಣ್ಣ, ಬಣ್ಣ ತಗೊಂಡು ಬಂಡೆ ಮೇಲೆ ನಿಮ್ಮ ಹೆಸರನ್ನೂ ಹುಡುಗಿ ಹೆಸರನ್ನೂ ಬರೆಯಬೇಡಿ. ಬರೆದವರು ಬಹಳ ಜನ ಇದ್ದಾರೆ, ಒಬ್ಬನ ಹೆಸರೂ ನನಗೆ ನೆನಪಿಲ್ಲ.

ದುರ್ಗದಲ್ಲಿ ಹೆಚ್ಚಿನವರು ನೋಡದೆ ಬರೋದು ನೀರನ್ನು. ಇದು ಮಳೆ ಕಡಿಮೆಯ ಸೀಮೆ. ಆದರೂ ಇಷ್ಟೆತ್ತರದ ಬಂಡೆಗಳ ಮೇಲೆ ಊರಿಗೆ ಊರೇ ಬದುಕಿತ್ತು! ಹೇಗೆ? ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ. ಅದೂ ತುಂಬಿದರೆ ಕೆಳಗೆ, ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡದ ತನಕ. ಒಂದು ಹನಿಯನ್ನೂ ಪುಕ್ಕಟೆ ಹರಿಯಲು ಬಿಟ್ಟಿಲ್ಲ. ಮುತ್ತಿಗೆ ಹಾಕಿದವರು ಬಾಯಾರಬೇಕೇ ಹೊರತು ಒಳಗಿನವರಲ್ಲ. ಹೈದರಾಲಿ ಎಷ್ಟೋ ವರ್ಷ ಹೆಣಗಾಡಿದ್ದು ಇಂಥ ಕೋಟೆಗೆ.

ನೀರಿನ ಮಾತು ಬಂದ ಮೇಲೆ ಓಬವ್ವನ ಮಾತೂ ಬಂತು. ಅವಳ ಕಥೆ ಶುರುವಾಗೋದೇ ಕೊಡದಿಂದ. ಗಂಡ ಮುದ್ದಹನುಮ ಕಹಳೆಯ ಕಾವಲುಗಾರ. ಊಟಕ್ಕೆ ಮನೆಗೆ ಬಂದಿದ್ದ. ಕುಡಿಯಲು ನೀರಿಲ್ಲವೆಂದು ಅವಳು ತಣ್ಣೀರುದೋಣಿಗೆ ಹೋದಾಗ ಬಂಡೆಯ ಸಂದಿಯಿಂದ ಹೈದರನ ಸೈನಿಕರು ನುಸುಳುವ ಸುಳಿವು ಸಿಕ್ಕಿತು. ಊಟ ಮಾಡ್ತಿದ್ದ ಗಂಡನನ್ನು ಎಬ್ಬಿಸದೆ ಒನಕೆ ಎತ್ತಿಕೊಂಡು ಹೋದಳು. ಮುಂದಿನದು ನಿಮಗೆಲ್ಲ ಗೊತ್ತು, ಜಯಂತಿಯವರು ಅದನ್ನು ಅಭಿನಯಿಸಿ ತೋರಿಸಿದ್ದಾರೆ. ಅಪ್ಪನಿಗಂತೂ ಓಬವ್ವ ಅಂದರೆ ಜಯಂತಿಯ ಮುಖವೇ. ನನಗೂ ಅಷ್ಟೇ.

ಮಗಳು ಆ ಚಿತ್ರ ನೋಡಿಲ್ಲ. ಅವಳ ತಲೆಯಲ್ಲಿ ಯಾವ ಮುಖವೂ ಇಲ್ಲ. ಕಿಂಡಿಯ ಆ ಕಡೆ ಹೋಗಿ ತೆವಳಿಕೊಂಡು ಈ ಕಡೆ ಬರ್ತೀನಿ ಅಂದಳು. ಅವಳಮ್ಮ ಈ ಕಡೆ ಕಾಯುತ್ತಾ ನಿಂತಳು. ಮೊದಲು ಕೈ ಕಂಡಿತು, ಆಮೇಲೆ ನೆತ್ತಿ. ಎರಡೂ ಕೈ ನೆಲಕ್ಕೆ ಊರಿವೆ, ಕುತ್ತಿಗೆ ಬಗ್ಗಿದೆ. “ಅಮ್ಮಾ, ತಲೆ ಎತ್ತೋಕೇ ಆಗಲ್ಲ!” ಅಂತ ಒಳಗಿಂದ ಕೂಗಿದಳು. ಮೇಲೆ ನಿಂತಿದ್ದ ನನ್ನಾಕೆಯ ನಗು ತಟ್ಟನೆ ನಿಂತಿತು. ಮಗಳನ್ನು ತೋಳು ಹಿಡಿದು ಎಳೆದುಕೊಂಡಳು.

ಆ ಕ್ಷಣಕ್ಕೆ ನಮಗೆಲ್ಲ ಲೆಕ್ಕ ಅರ್ಥವಾಯಿತು ನೋಡಿ. ಒಬ್ಬನಾದ ಮೇಲೆ ಒಬ್ಬನೇ ಬರಬೇಕು, ಬಗ್ಗಿಯೇ ಬರಬೇಕು, ಕತ್ತಿ ಎತ್ತುವಂತಿಲ್ಲ. ಹೊಡೆದವನನ್ನು ಆಚೆ ಎಳೆದು ಹಾಕದಿದ್ದರೆ ಮುಂದಿನವನು ಎಚ್ಚೆತ್ತುಕೊಳ್ತಾನೆ. ಸಾಮಾನ್ಯ ಕಾವಲುಗಾರನ ಹೆಂಡತಿ, ಛಲವಾದಿ ಕುಲದ ಹೆಣ್ಣುಮಗಳು, ಇಷ್ಟನ್ನೂ ನಿಂತ ನಿಲುವಿನಲ್ಲೇ ಲೆಕ್ಕ ಹಾಕಿದಳು! ಆ ದಿನವೇ ಅವಳೂ ಸತ್ತಳು ಅಂತ ಹೇಳ್ತಾರೆ. ಕೋಟೆಯೂ ಉಳಿಯಲಿಲ್ಲ, 1779ರಲ್ಲಿ ಹೈದರನ ಕೈಸೇರಿತು, ಮದಕರಿ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದ. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವನ ಜಯಂತಿ ಆಚರಿಸುತ್ತಿದೆ.

“ಅವಳ ಗಂಡ ಊಟ ಮುಗಿಸಿದ್ನಾ?” ಅಂತ ಮಗಳು ಕೇಳಿದಳು. ಗೈಡ್ ಹತ್ತಿರ ಉತ್ತರವಿರಲಿಲ್ಲ. ಮಾತಿನಮಲ್ಲ ಮೊದಲ ಸಲ ಸುಮ್ಮನಾದ. ಅಪ್ಪ ಕಿಂಡಿಯ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮಗಳ ಹೆಗಲು ಹಿಡಿದು ನಿಧಾನವಾಗಿ ಇಳಿದರು.

ರಾತ್ರಿ ಊರಲ್ಲೇ ತಂಗಿ, ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಬಾರಿಸಿದೆವು. ಭಾನುವಾರ ಬೆಳಿಗ್ಗೆ ಚಂದ್ರವಳ್ಳಿ. ಕದಂಬರ ಮಯೂರಶರ್ಮನ ಶಾಸನ ಇರೋದು ಇಲ್ಲೇ. ನೆಲ ಅಗೆದಾಗ ಶಾತವಾಹನರ ಕಾಲದ ನಾಣ್ಯದ ಜೊತೆ ರೋಮನ್ ನಾಣ್ಯವೂ ಸಿಕ್ಕಿದ ಜಾಗ. ಅಂಕಲಿ ಮಠದ ಗುಹೆಯೊಳಗೆ ಹಗಲಲ್ಲೂ ಕಗ್ಗತ್ತಲೆ, ಟಾರ್ಚ್ ಮರೀಬೇಡಿ. ಮಧ್ಯಾಹ್ನ ಎರಡರ ಬಸ್ಸಿಗೆ ಕಿಟಕಿ ಪಕ್ಕದ ಸೀಟು ಅಪ್ಪನಿಗೆ ಸಿಕ್ಕಿತು. ತುಮಕೂರಿನವರೆಗೂ ಮೊಮ್ಮಗಳಿಗೆ ‘ನಾಗರಹಾವು’ ಕಥೆ ಹೇಳ್ತಾನೇ ಇದ್ದರು, ಇಂಟರ್‌ವಲ್ ಸಮೇತ!