ಅಜ್ಜಿ ಹುಟ್ಟಿದ್ದು ನಾಟಿ ಟೈಮಲ್ಲಿ

ವೆಬ್ ಫಾರ್ಮ್ ಮಾಡೋರಿಗೆ ಆ ಕೆಂಪು ನಕ್ಷತ್ರ ಅಂದ್ರೆ ಬಹಳ ಪ್ರೀತಿ. ಹೆಸರಿಗೆ ಒಂದು, ಮೊಬೈಲ್ ನಂಬರಿಗೆ ಒಂದು, ಹುಟ್ಟಿದ ತಾರೀಖಿಗಂತೂ ಕಣ್ಣು ಮುಚ್ಚಿಕೊಂಡು ಒಂದು. ತಾರೀಖು ಇಲ್ಲದ ಮನುಷ್ಯರು ಇರ್ತಾರೆ ಅಂತ ನಮಗೆ ಅನ್ಸೋದೇ ಇಲ್ಲ. ನಾವೆಲ್ಲ ಬರ್ತ್ ಸರ್ಟಿಫಿಕೇಟ್ ಕೈಲಿ ಹಿಡ್ಕೊಂಡೇ ಹುಟ್ಟಿದವರು.

ನಮ್ಮನೆ ಶಿಕಾರಿಪುರದಲ್ಲಿ. ಅಮ್ಮನ ತವರು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿರೋ ಅಜ್ಜಿಗೆ ಹುಟ್ಟಿದ ದಿನ ಕೇಳಿದ್ರೆ ಉತ್ತರ ರೆಡಿ: "ನಾಟಿ ಮುಗಿಯೋ ಹೊತ್ತಿಗೆ. ಕಾಗೋಡಲ್ಲಿ ಗಲಾಟೆ ಆಗೋಕೆ ಎರಡು ಮಳೆಗಾಲ ಮೊದ್ಲು." ಕಾಗೋಡು ಸತ್ಯಾಗ್ರಹ ಶುರುವಾಗಿದ್ದು 1951ರ ಏಪ್ರಿಲ್‌ನಲ್ಲಿ. ಅಂದ್ರೆ ಅಜ್ಜಿ 1949ರ ಮಳೆಗಾಲದವರು. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಅಷ್ಟೊತ್ತಿಗೆ ಅವರಿಗೆ ಇಪ್ಪತ್ತು. ಶಾಲೆಗೂ ಹೋದವರಲ್ಲ.

ಯಾವುದೋ ಕಾಲದಲ್ಲಿ ಯಾರೋ ಕಣ್ಣಳತೆಯಲ್ಲಿ ಒಂದು ದಾಖಲೆಗೆ 1955 ಅಂತ ತುಂಬಿದ್ರು. ಬಾಕಿ ದಾಖಲೆಗಳೆಲ್ಲ ಅದನ್ನೇ ಕಾಪಿ ಹೊಡೆದವು, ಜೊತೆಗೆ ಜನವರಿ 1 ಕೂಡ ಸೇರ್ಕೊಂಡಿತು. ಇದು ತಮಾಷೆ ವಿಷಯ ಅಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ 65 ತುಂಬಿದವರಿಗೆ. 2014ರಲ್ಲಿ ಬರಬೇಕಿದ್ದ ದುಡ್ಡು 2020ರಲ್ಲಿ ಬಂತು. ಆರು ವರ್ಷ! ತಿದ್ದಿಸೋಣ ಅಂದ್ರೆ ಪುರಾವೆ ಕೇಳ್ತಾರೆ, ಪುರಾವೆ ಇದ್ದಿದ್ರೆ ಈ ಕತೆನೇ ಇರ್ತಿರಲಿಲ್ಲ.

ಹೋದ ಸೆಮಿಸ್ಟರ್ ನಾವು ನಾಲ್ಕು ಜನ ಊರ ಕಡೆ ಒಂದು ಕಣ್ಣಿನ ತಪಾಸಣೆ ಶಿಬಿರಕ್ಕೆ ರಿಜಿಸ್ಟ್ರೇಶನ್ ಫಾರ್ಮ್ ಮಾಡಿದ್ವಿ. ಸೀನಿಯರ್ಸ್ ಬಿಟ್ಟುಹೋದ ಕೋಡ್ ಇತ್ತು. ಟೆಸ್ಟ್ ಮಾಡುವಾಗ ತಾರೀಖು ಖಾಲಿ ಬಿಟ್ಟವರೆಲ್ಲ 1 ಜನವರಿ 1970ರಂದು ಹುಟ್ಟಿಬಿಟ್ರು. ಕಾರಣ ನಿಮಗೆ ಗೊತ್ತೇ ಇರುತ್ತೆ: ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ ನಲ್ ಕೊಟ್ರೆ ಅದನ್ನ ಸೊನ್ನೆ ಅಂತ ತಗೊಳುತ್ತೆ, ಸೊನ್ನೆ ಅಂದ್ರೆ ಯೂನಿಕ್ಸ್ ಕಾಲದ ಮೊದಲ ಕ್ಷಣ. ಖಾಲಿ ಸ್ಟ್ರಿಂಗ್ ಕೊಟ್ರೆ 'ಇನ್‌ವ್ಯಾಲಿಡ್ ಡೇಟ್' ಅನ್ನುತ್ತೆ, ಅದಾದ್ರೂ ಪ್ರಾಮಾಣಿಕ. ಮೈಎಸ್‌ಕ್ಯೂಎಲ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಆಫ್ ಇದ್ರೆ 0000-00-00 ಅಂತ ಕೂತ್ಕೊಳುತ್ತೆ. ಕಣ್ಣಳತೆಯಲ್ಲಿ 1955 ಬರೆದವರಿಗೂ ಈ ಕೋಡ್‌ಗೂ ಏನು ವ್ಯತ್ಯಾಸ ಹೇಳಿ?

ನನಗೆ ಇನ್ನೂ ಸಿಟ್ಟು ಬಂದಿದ್ದು ಬ್ರೌಸರ್ ಮೇಲೆ. ಎಚ್‌ಟಿಎಂಎಲ್‌ನ ಡೇಟ್ ಇನ್‌ಪುಟ್‌ನಲ್ಲಿ ದಿನ, ತಿಂಗಳು ಬಿಟ್ಟು ಬರೀ 1949 ಅಂತ ಟೈಪ್ ಮಾಡಿ ನೋಡಿ. ಸ್ಕ್ರೀನ್ ಮೇಲೆ ಕಾಣುತ್ತೆ, ಆದ್ರೆ ನಮ್ಮ ಕೋಡ್ ವ್ಯಾಲ್ಯೂ ಕೇಳಿದ್ರೆ ಸಿಗೋದು ಖಾಲಿ ಸ್ಟ್ರಿಂಗ್. ಅಜ್ಜಿ ಹೇಳಿದ ಅಷ್ಟು ಮಾತೂ ನೀರಲ್ಲಿ ಹೋಮ.

ಹಾಗಂತ ನಕ್ಷತ್ರ ತೆಗೆದ್ರೆ ಸಾಕಾ? ಸಾಕಾಗಲ್ಲ, ಯಾಕಂದ್ರೆ ಖಾಲಿ ಅನ್ನೋದಕ್ಕೂ ನಾನಾ ಅರ್ಥ. ಗೊತ್ತಿಲ್ಲ ಅಂತ ಇರಬಹುದು, ಬೇಜಾರಾಗಿ ಬಿಟ್ಟಿರಬಹುದು, ಅನ್ವಯಿಸದೇ ಇರಬಹುದು. ಮರಣದ ದಿನಾಂಕ ಖಾಲಿ ಇದ್ರೆ ಖುಷಿ ಪಡ್ಬೇಕು ಅಲ್ವಾ. ನಾವು ಮೊದಲು ಒಂದು ಪ್ರಶ್ನೆ ಹಾಕಿದ್ವಿ: ಪೂರ್ತಿ ತಾರೀಖು ಗೊತ್ತಾ, ವರ್ಷ ಮಾತ್ರ ಗೊತ್ತಾ, ಅಂದಾಜು ವಯಸ್ಸು ಗೊತ್ತಾ? ಮೂರರಲ್ಲಿ ಒಂದು ಇರಲೇಬೇಕು ಅಂತ ಸರ್ವರ್‌ನಲ್ಲಿ ಚೆಕ್. ವರ್ಷಕ್ಕೆ ಬೇರೆ ಕಾಲಂ, ಎಷ್ಟು ನಿಖರ ಅನ್ನೋದಕ್ಕೆ ಇನ್ನೊಂದು. ವಯಸ್ಸು ಹೇಳಿದ್ರೆ ಹೇಳಿದ ದಿನವನ್ನೂ ಸೇವ್ ಮಾಡ್ಬೇಕು, ಇಲ್ಲಾಂದ್ರೆ ಎರಡು ವರ್ಷ ಬಿಟ್ಟು ನೋಡಿದವರಿಗೆ ಅದು ಸುಳ್ಳು. ಐಎಸ್‌ಒ 8601ರ 2019ರ ಎರಡನೇ ಭಾಗದಲ್ಲಿ ಅಂದಾಜು ವರ್ಷದ ಮುಂದೆ ಹಾಕೋಕೆ ಒಂದು ಚಿಹ್ನೆನೇ ಇದೆ, 1949~ ಅಂತ. ಹಳೇ ಕಾಗದಪತ್ರ ಇಟ್ಟುಕೊಳ್ಳೋರಿಗೆ ಅನುಕೂಲ ಆಗ್ಲಿ ಅಂತ ಬಂದಿದ್ದು.

ನಮ್ಮ ತಾಲ್ಲೂಕಿನ ತಾಳಗುಂದದಲ್ಲೇ ನೋಡಿ. ಮಯೂರಶರ್ಮನ ಕತೆ ಹೇಳೋ ಕಂಬದ ಶಾಸನ ಇದೆ. ಬರೆದ ಕವಿ ಕುಬ್ಜನ ಹೆಸರಿದೆ, ರಾಜ ಶಾಂತಿವರ್ಮನ ಹೆಸರಿದೆ, ವರ್ಷ ಮಾತ್ರ ಇಲ್ಲ. ಅದಕ್ಕೆ ಯಾರೂ ಜನವರಿ 1 ಅಂತ ಬರೀಲಿಲ್ಲ. ಲಿಪಿ, ರಾಜರ ವಂಶ ಎಲ್ಲ ನೋಡಿ 5ನೇ ಶತಮಾನ ಅಂದ್ರು, ಅಷ್ಟೇ.

ಶಿಬಿರದ ರಿಪೋರ್ಟ್‌ನಲ್ಲಿ ಈಗ ಅಂದಾಜು ವಯಸ್ಸಿನ ಹಿಂದೆ 'ಸು.' ಅಂತ ಬರುತ್ತೆ, ಇತಿಹಾಸದ ಪುಸ್ತಕಗಳಲ್ಲಿ ಇರುತ್ತಲ್ಲ, ಹಾಗೆ. ಕೋಡ್ ಬೇಕಾದವರು ಕೇಳಿ, ಕೊಡ್ತೀನಿ.